ನನ್ನ ಗಲ್ಲದಡಿಯ ಉರಿಯೂತ ಮಹಾಶಯರಿಗೆ

ಅಣ್ಣಿಗೇರಿ
ಏಪ್ರಿಲ್ ೧೯೮೬

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ನಿಜಕ್ಕೂ ಅಡ್ಡಬಿದ್ದರೆ ಗಲ್ಲ ನೆಲಕ್ಕೆ ತಾಗಿ ಜೀವ ಹೋದಂತಾಗುವುದರಿಂದ, ಕುಳಿತಲ್ಲಿಂದಲೇ ಸಲ್ಲಿಸುವ ಈ ನಮಸ್ಕಾರವನ್ನು ತಾವು ದೊಡ್ಡ ಮನಸ್ಸಿನಿಂದ ಸ್ವೀಕರಿಸಬೇಕು. ತಾವು ನನ್ನ ಚರ್ಮದ ಕೆಳಗೆ ಇಷ್ಟು ವರ್ಷ ಸದ್ದಿಲ್ಲದೆ ಸಂಸಾರ ಹೂಡಿರುವ ಸಂಗತಿ ಮೊನ್ನೆಯವರೆಗೂ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಪಾಪದ ಮೊಡವೆಗಳನ್ನು ಬಿಟ್ಟು ನೇರವಾಗಿ ತಮ್ಮನ್ನೇ ಬೈಯುತ್ತಿದ್ದೆ.

ನಾನು ಮಡಿವಾಳೆಪ್ಪ, ಇಲ್ಲಿನ ಕನ್ನಡ ಶಾಲೆಯ ಮಾಸ್ತರ. ವಯಸ್ಸು ಮೂವತ್ತಕ್ಕೆ ಬಂತು, ಮುಖ ಮಾತ್ರ ಇನ್ನೂ ಹದಿನಾರು ದಾಟಿಲ್ಲ. ಮೊಡವೆ ಕೊಳೆಯಿಂದ ಬರುತ್ತದೆ ಎಂದು ಆರೋಗ್ಯದ ಪಾಠ ಹೇಳುವವನ ಮುಖವೇ ಹೀಗಿದ್ದರೆ ಮರ್ಯಾದೆ ಉಳಿಯುವುದು ಹೇಗೆಂದು, ದಿನಾ ಮುಂಜಾನೆ ಕೆಂಪು ಸಾಬೂನು ಹಚ್ಚಿ, ಒಣಗಿದ ಹೀರೇಕಾಯಿ ನಾರಿನಿಂದ ಎತ್ತಿನ ಮೈ ತಿಕ್ಕಿದ ಹಾಗೆ ಗಲ್ಲ ತಿಕ್ಕಿಕೊಂಡೆ. ಅವ್ವ ಬಸವಣ್ಣೆವ್ವನ ಪ್ರಕಾರ ಇದೆಲ್ಲ ಉಷ್ಣ. ಆಕೆ ನನ್ನ ತಾಟಿನಿಂದ ಕೆಂಪು ಚಟ್ನಿಯನ್ನು ಗಡೀಪಾರು ಮಾಡಿ ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಎಣ್ಣೆ ಹಣೆಗಿಳಿಯಿತು, ಅಲ್ಲಿಯೂ ಮೊಡವೆ ಎದ್ದವು.

ಕೊನೆಗೆ ಹುಬ್ಬಳ್ಳಿಯ ಚರ್ಮದ ಡಾಕ್ಟರರು ತಾವು ಒಳಗೆ ಅಡಗಿರುವ ಗುಟ್ಟನ್ನು ಬಯಲು ಮಾಡಿದರು: "ಮಾಸ್ತರ್, ನಿಮಗ ಕಾಣೂದು ಹೊರಗ ಬಂದಿದ್ದಷ್ಟ. ಒಳಗ ಬಾವು ಅದಕ್ಕೂ ಮೊದಲ ಸುರು ಆಗಿರತದ, ಸ್ವಚ್ಛ ಕಾಣೋ ಚರ್ಮದ ಕೆಳಗೂ ಇರತದ. ನೀವು ತಿಕ್ಕಿ ತಿಕ್ಕಿ ಒಲಿ ಊದಲಿಕ್ಕತ್ತೀರಿ." ಮುಲಾಮನ್ನು ಮೊಡವೆಯ ತುದಿಗಷ್ಟೇ ಅಲ್ಲ, ಮುಖವೆಲ್ಲ ತೆಳ್ಳಗೆ ಹಚ್ಚಬೇಕಂತೆ, ನಾರನ್ನು ಬಚ್ಚಲಿನಿಂದಾಚೆ ಎಸೆಯಬೇಕಂತೆ, ಎರಡು ಮೂರು ತಿಂಗಳು ತಾಳಬೇಕಂತೆ. ಆಹಾ, ತಮ್ಮ ಕಾರ್ಯದಕ್ಷತೆಯೇ! ಸಾಬೂನು ಕೊಟ್ಟು ನಾನೇ ತಮ್ಮನ್ನು ಸಾಕಿದ್ದೆ.

ಆದರೆ ತಾಳಲು ಪುರಸೊತ್ತೆಲ್ಲಿ? ಸೋಮವಾರವೇ ಕುಬಿಹಾಳಕ್ಕೆ ಕನ್ಯಾ ನೋಡಲು ಹೋಗುವುದಿತ್ತು. ಆ ಕನ್ಯೆ, ಬಾಲವಾಡಿ ನಡೆಸುವ ಸುಶೀಲವ್ವ, ಕುಂದಗೋಳದ ತರಬೇತಿ ಶಿಬಿರವೊಂದರಲ್ಲಿ ಎದ್ದು ನಿಂತು ಇಲಾಖೆಯ ಸಾಹೇಬರಿಗೇ ಪ್ರಶ್ನೆ ಕೇಳಿದ್ದನ್ನು ನಾನು ಹಿಂದಿನ ಸಾಲಿನಲ್ಲಿ ಮುಖಕ್ಕೆ ಪುಸ್ತಕ ಹಿಡಿದುಕೊಂಡು ಕೇಳಿದ್ದೆ. ಲಗ್ನವಾದರೆ ಈಕೆಯನ್ನೇ ಎಂದು ಅಂದೇ ನಿಶ್ಚಯಿಸಿಬಿಟ್ಟಿದ್ದೆ. ಪುಸ್ತಕ ಹಿಡಿದುಕೊಂಡು ಕನ್ಯಾ ನೋಡಲು ಹೋಗಲಾಗದು. ಅದಕ್ಕೇ ದೇವರ ಜಗಲಿಯ ಮೇಲಿನ ವಿಭೂತಿಗಟ್ಟಿಯನ್ನು ತೇಯ್ದು, ಹಣೆ, ಗಲ್ಲ, ಗದ್ದ ಎಂದು ನೋಡದೆ, ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದುಕೊಂಡೆ.

ನಾರಿನಿಂದ ತರಚಿದ ಗಲ್ಲದ ಮೇಲೆ ವಿಭೂತಿ ಏನು ಮಾಡುತ್ತದೆಂದು ತಮಗೆ ಹೇಳಬೇಕಾಗಿಲ್ಲ. ಕುಬಿಹಾಳದವರ ಪಡಸಾಲೆಯಲ್ಲಿ ಕುಳಿತು ಉಪ್ಪಿಟ್ಟಿಗೆ ಕೈ ಹಾಕುವಷ್ಟರಲ್ಲಿ ಮುಖ ಭಗಭಗ ಉರಿದು ಎರಡೂ ಕಣ್ಣಲ್ಲಿ ನೀರು ಸುರಿಯತೊಡಗಿತು. ಕನ್ಯೆಯ ಅಜ್ಜ ಸಣ್ಣಪ್ಪನವರು ಅದನ್ನು ಭಕ್ತಿಯ ಕಣ್ಣೀರೆಂದೇ ತಿಳಿದರು. ಎದ್ದು ಬಂದು ನನ್ನ ಪಾದ ಮುಟ್ಟಿ, ನನ್ನ ಜೊತೆ ಬಂದಿದ್ದ ಅವ್ವನ ಕಡೆ ತಿರುಗಿ, "ತಂಗಿ, ಇಂಥಾ ಶರಣರನ್ನ ಸಂಸಾರಕ್ಕ ಹಚ್ಚಿದ್ರ ಪಾಪ ಬರತೈತಿ. ಮಠಕ್ಕ ಬಿಟ್ಟಬಿಡ್ರಿ," ಎಂದರು. ನನ್ನ ಲಗ್ನ ನನ್ನ ಕಣ್ಣೆದುರೇ ಮಠ ಸೇರಿತು.

ಆಗ ಸುಶೀಲವ್ವ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದಿಟ್ಟು, "ಉರಿಯಾಕತ್ತೈತಿ ಅಂತ ಕಾಣತೈತ್ರಿ ಮಾಸ್ತರ್ರ, ಮಾರಿ ತೊಳಕೋರಿ," ಎಂದಳು. ತೊಳೆದೆ. ತಾವು ಸಪರಿವಾರ ದರ್ಶನ ಕೊಟ್ಟಿರಿ. ಆಕೆ ಒಂದು ಗಳಿಗೆ ನೋಡಿ, "ಮೊಡವಿಗೆ ನಾ ಅಂಜೂದಿಲ್ರಿ. ಮುಚ್ಚಿಡೋರಿಗೆ ಅಂಜತೇನಿ," ಎಂದು ಒಳಗೆ ಹೋದಳು. ಆ ಮಾತು ತಮಗಿಂತ ಆಳಕ್ಕೆ ಇಳಿದಿದೆ, ಇನ್ನೂ ಉರಿಯುತ್ತಿದೆ. ವಿಚಾರ ಮಾಡಿ ತಿಳಿಸುತ್ತೇವೆಂದು ಮನೆಯವರು ಹೇಳಿ ಕಳಿಸಿದರು.

ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ತಾವು ಎಲ್ಲಿಯಾದರೂ ವಾಸಿಸಲೇಬೇಕೆಂದಿದ್ದರೆ ಬೆನ್ನಿಗೆ ವರ್ಗಾವಣೆ ಮಾಡಿಸಿಕೊಳ್ಳಿ, ಅಲ್ಲಿ ಅಂಗಿ ಇದೆ. ಅದಾಗದಿದ್ದರೆ ಏಳುವ ಮುನ್ನ ಡಂಗುರವನ್ನಾದರೂ ಸಾರಿಸಿ. ಅದೂ ಆಗದಿದ್ದರೆ ಕುಬಿಹಾಳದವರಿಗೆ, ಈ ಮನುಷ್ಯ ಮುಚ್ಚಿಟ್ಟಿದ್ದು ಗಲ್ಲವನ್ನಷ್ಟೇ, ಬೇರೇನನ್ನೂ ಅಲ್ಲ ಎಂದು ಒಂದು ಸಾಕ್ಷಿ ನುಡಿಯಿರಿ. ನನ್ನನ್ನು ಒಳಗಿನಿಂದ ಬಲ್ಲವರು ತಾವೊಬ್ಬರೇ.

ಇಷ್ಟವಿಲ್ಲದಿದ್ದರೂ ಎಂದೆಂದೂ
ತಮ್ಮ ವಿಶ್ವಾಸಿ,
ಮಡಿವಾಳೆಪ್ಪ ಮಾಸ್ತರ

ತಾ.ಕ.: ಕುಬಿಹಾಳದಿಂದ ಈಗತಾನೇ ಸುದ್ದಿ ಬಂತು. ಸುಶೀಲವ್ವ ಒಪ್ಪಿದ್ದಾಳೆ. "ಅಷ್ಟು ಮಂದ್ಯಾಗ ಮಾರಿ ತೊಳಕೊಂಡಾನಲ್ಲ, ಸಾಕು," ಎಂದಳಂತೆ. ಇದನ್ನು ತಮ್ಮ ಗೆಲುವೆಂದು ತಿಳಿದು ಹಿಗ್ಗಬೇಡಿ. ಲಗ್ನವಾದ ಮೇಲೆ ಮುಲಾಮು ಹಚ್ಚುವ ಜವಾಬ್ದಾರಿ ತನ್ನದೆಂದೂ ಹೇಳಿ ಕಳಿಸಿದ್ದಾಳೆ. ತಮ್ಮನ್ನು ಇಷ್ಟು ವರ್ಷ ಸಹಿಸಿಕೊಂಡವನು ನಾನು, ಆಕೆಯಲ್ಲ.