ತೋಳಿಗೆ ಪಟ್ಟಿ, ಬಾಯಿಗೆ ಬೀಗ

ಬೇರೆಯವರ ಮನೆಯ ಸಮಾಚಾರ ತಿಳಿಯುವ ಚಪಲವನ್ನು ಕೆಲವರು ಕಿಟಕಿಯಲ್ಲಿ ಇಣುಕಿ ತೀರಿಸಿಕೊಳ್ಳುತ್ತಾರೆ. ನನಗೆ ಆ ಕಷ್ಟವಿಲ್ಲ. ಚಳ್ಳಕೆರೆಯ ಒಂದು ಕ್ಲಿನಿಕ್ಕಿನಲ್ಲಿ ನಾನು ನರ್ಸು. ನೆಗಡಿಯೆಂದು ಬರಲಿ, ಕಾಲಿಗೆ ಮುಳ್ಳು ನೆಟ್ಟು ಬರಲಿ, ದೊಡ್ಡವರೆಲ್ಲರಿಗೂ ಮೊದಲು ಬಿಪಿ ನೋಡಬೇಕೆಂದು ಡಾಕ್ಟರು ಹೇಳಿದ ಮೇಲಂತೂ ಊರಿಗೆ ಊರೇ ನನ್ನೆದುರು ತೋಳು ಚಾಚಿ ಕೂರುತ್ತದೆ. ಪಟ್ಟಿ ಉಬ್ಬಿ ಇಳಿಯುವಷ್ಟರಲ್ಲಿ ಸೊಸೆ ಯಾವ ಊರಿನವಳು, ಶೇಂಗಾ ಹೇಗೆ ಬಂತು, ಎಲ್ಲವೂ ನನಗೆ ತಿಳಿದಿರುತ್ತದೆ. ಕೆಲವರು ತಕರಾರು ತೆಗೆಯುವುದುಂಟು. ಮೊಳಕಾಲ್ಮೂರಿನ ನೇಕಾರರೊಬ್ಬರು, "ನೋವಿರೋದು ಹಲ್ಲಿಗೆ, ತೋಳ್ಯಾಕವ್ವ ಬಿಗೀತೀಯಾ?" ಎಂದು ಕೇಳಿದ್ದರು.

ತಳಕಿನ ಕಡೆಯ ಓಬಯ್ಯ ಬಂದದ್ದು ಮಂಡಿನೋವಿಗೆ. ಜೊತೆಗೆ ಚೀಲ ಹಿಡಿದ ಹೆಂಡತಿ ಪಾಲಮ್ಮ. ಓಬಯ್ಯನವರ ಬಿಪಿ ನೋಡಿದರೆ ಜಾಸ್ತಿ. ಒಂದೇ ಸಲ ನೋಡಿ ಮಾತ್ರೆ ಬರೆಯುವವರಲ್ಲ ನಮ್ಮ ಡಾಕ್ಟರು. ಊರ ಹತ್ತಿರದ ಆಸ್ಪತ್ರೆಯಲ್ಲೂ ತೋರಿಸಿಕೊಂಡು ಬನ್ನಿ ಎಂದರು. ಅಲ್ಲಿ ಸರಿಯಾಗಿತ್ತು. ಮತ್ತೆ ನನ್ನ ಮುಂದೆ ಕೂತರು, ಏರಿತ್ತು. ಯಂತ್ರ ಬದಲಿಸಿದೆ, ಆಗಲೂ ಏರಿತ್ತು. ಬದುಕಿರುವ ತನಕ ಮಾತ್ರೆ ನುಂಗಬೇಕೇನೋ ಎಂಬ ಚಿಂತೆಯಲ್ಲಿ ಅವರು ಮಂಡಿನೋವನ್ನೇ ಮರೆತರು. ನನಗೋ, ಇದರ ಗುಟ್ಟು ತಿಳಿಯದೆ ಊಟ ರುಚಿಸಲಿಲ್ಲ.

ಮುಂದಿನ ಸಲ ಬಂದಾಗ ಪಂಪು ಒತ್ತುತ್ತಲೇ ವಿಚಾರಣೆ ಶುರು ಮಾಡಿದೆ. "ಬೀಡಿ ಬಿಟ್ರೇನ್ರಿ? ನಿಜ ಹೇಳ್ರಿ. ಉಪ್ಪಿನಕಾಯಿ?"

ಪಾಲಮ್ಮ ಮೆಲ್ಲಗೆ, "ಒಂದ್ಸಲ ಸುಮ್ನಿದ್ದು ನೋಡವ್ವ," ಎಂದರು. "ನಿನ್ ದನಿ ಥೇಟು ನಮ್ಮತ್ತೇದು ಇದ್ದಂಗೈತೆ. ಆಯಮ್ಮ ಸತ್ರೂ ಈಯಪ್ಪಗೆ ಹೆದ್ರಿಕೆ ಹೋಗಿಲ್ಲ."

ಓಬಯ್ಯ ಇಲ್ಲವೆನ್ನಲಿಲ್ಲ. ಅವರನ್ನು ಸ್ವಲ್ಪ ಹೊತ್ತು ಕೂರಿಸಿ, ತುಟಿ ಬಿಗಿಹಿಡಿದು ನೋಡಿದೆ. ಬಿಪಿ ಸರಿಯಾಗಿತ್ತು.

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮಾತು ಮರೆಸಲು, "ಬರ್ರಿ, ನಿಮ್ದೂ ನೋಡಾಣ," ಎಂದು ಪಾಲಮ್ಮನ ತೋಳಿಗೆ ಪಟ್ಟಿ ಸುತ್ತಿದೆ. ತುಟಿ ಬಿಚ್ಚಲಿಲ್ಲ. ಆದರೂ ಅಂಕಿ ಏರಿತು, ಓಬಯ್ಯನವರದಕ್ಕಿಂತ ಎಷ್ಟೋ ಮೇಲಕ್ಕೆ. ಇನ್ನೊಮ್ಮೆ ನೋಡಿದೆ, ಅಷ್ಟೇ ಇತ್ತು. ಪಾಲಮ್ಮ ಮಾತ್ರ ನಗುತ್ತಾ ಕೂತಿದ್ದರು.

"ತಲೆನೋವು ಬರ್ತೈತೇನ್ರಿ?" ಎಂದೆ.

"ತಲೆ ಅಂದ್ಮೇಲೆ ನೋಯ್ದೆ ಇರ್ತೈತಾ?"

"ಒಂದಿನಾನೂ ಹೇಳ್ಲಿಲ್ವಲ್ಲೇ," ಎಂದರು ಓಬಯ್ಯ.

"ಯಾರು ಕೇಳಿದ್ರು?"

ಓಬಯ್ಯ ಎದ್ದು ಆಕೆಯ ಕೈಯಿಂದ ಚೀಲ ತೆಗೆದುಕೊಂಡರು. ಡಾಕ್ಟರು ತಾವೂ ನೋಡಿದರು, ಬೇರೆ ದಿನಗಳಲ್ಲೂ ನೋಡಿ ಮಾತ್ರೆ ಬರೆದರು. ಈಗ ಬಿಪಿ ಹತೋಟಿಗೆ ಬಂದಿದೆ. ದಿನಾ ರೊಟ್ಟಿಯ ಜೊತೆ ಮಾತ್ರೆ ಎತ್ತಿಕೊಡುವುದು ಓಬಯ್ಯನವರ ಕೆಲಸವಂತೆ. ಒಂದು ದಿನ ತಪ್ಪಿದರೂ ತಾವೇ ಬೆವರುತ್ತಾರಂತೆ.

ಗುಟ್ಟು ಬಯಲಾದ ದಿನ ಡಾಕ್ಟರು ನನ್ನನ್ನು ಗದರಲಿಲ್ಲ. ಮಾರನೆಯ ದಿನ ನನ್ನ ಕುರ್ಚಿಯ ಎದುರಿನ ಗೋಡೆಗೆ, "ಬಿಪಿ ನೋಡುವಾಗ ಮಾತನಾಡಬಾರದು" ಎಂಬ ಚೀಟಿ ಅಂಟಿಸಿದರು. ಬಂದವರೆಲ್ಲ ಅದು ತಮಗೇ ಎಂದುಕೊಂಡು ಬಾಯಿ ಮುಚ್ಚಿ ಕೂರುತ್ತಾರೆ. ನಾನೂ ತಿದ್ದಲು ಹೋಗಿಲ್ಲ.