ಹಲ್ಲು ಮೂಡಿದ ಕುಂಬಳಕಾಯಿ

ಮರ್ಯಾದಸ್ಥರೆನ್ನಿಸಿಕೊಂಡ ಎಲ್ಲ ಗಂಡಸರಿಗೂ ಹೆಂಡತಿಯಿಂದ ಮುಚ್ಚಿಟ್ಟ ಒಂದು ಚಟ ಇರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲವರು ಬೀಡಿ ಸೇದಿ ಏಲಕ್ಕಿ ಅಗಿದುಕೊಂಡು ಮನೆಗೆ ಬರುತ್ತಾರೆ. ಕೆಲವರು ಸಕ್ಕರೆ ಕಾಯಿಲೆಯ ಮಾತ್ರೆ ಕಿಸೆಯಲ್ಲಿಟ್ಟುಕೊಂಡೇ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಹಲ್ವಾ ತಿನ್ನುತ್ತಾರೆ. ಇವೆಲ್ಲ ಸಿಕ್ಕಿಬಿದ್ದರೂ ನಾಲ್ಕು ಜನರೆದುರು ಹೇಳಿಕೊಳ್ಳಬಹುದಾದ ಚಟಗಳು. ನನ್ನದು ಹಾಗಲ್ಲ. ಐವತ್ತು ದಾಟಿದ, ಅರ್ಧ ತಲೆ ಬೋಳಾದ, ಬ್ರಹ್ಮಾವರದ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುವ ನಾನು ದೆವ್ವಗಳ ಪ್ರೇಮಕಥೆ ಓದುತ್ತೇನೆ. ಅದರಲ್ಲೂ ಇಂಗ್ಲಿಷಿನವನ್ನು. ಅಕ್ಟೋಬರ್ ತಿಂಗಳ ಕೊನೆಯಲ್ಲಿ ಆ ಕಡೆಯವರು ಆಚರಿಸುವ ಹ್ಯಾಲೋವೀನ್ ಎಂಬ ಹಬ್ಬದ ದಿನವೇ ಪ್ರೇಮ ಹುಟ್ಟಿ, ಆ ದಿನವೇ ಫಲಿಸುವ ಸಣ್ಣ ಸಣ್ಣ ಕಾದಂಬರಿಗಳನ್ನು.

ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಎಂದು ನೀವು ಕೇಳಬಹುದು. ನಾನು ವರ್ಷಕ್ಕೊಮ್ಮೆಯಾದರೂ ಯಾವುದಾದರೊಂದು ಶಾಲೆಗೆ ಹೋಗಿ ‘ದೆವ್ವ ಭೂತ ಎಂಬುದಿಲ್ಲ’ ಎಂದು ಭಾಷಣ ಮಾಡುವವನು. ಉರಿಯುವ ಕರ್ಪೂರವನ್ನು ನಾಲಿಗೆಯ ಮೇಲಿಟ್ಟು ತೋರಿಸಿ ಮಕ್ಕಳಿಂದ ಚಪ್ಪಾಳೆ ಗಿಟ್ಟಿಸುವವನು. ಹಾಗೆ ಭಾಷಣ ಮುಗಿಸಿ, ಹಾರ ಹಾಕಿಸಿಕೊಂಡು, ಬಸ್ಸು ಹತ್ತಿ ಕೂತ ಕೂಡಲೇ ಮೊಬೈಲು ತೆಗೆದು, ಸಮಾಧಿಯಿಂದೆದ್ದ ಗಂಡು ಬೇಕರಿಯ ಹುಡುಗಿಯ ಕೈಹಿಡಿದನೋ ಇಲ್ಲವೋ ಎಂದು ನೋಡುತ್ತಿದ್ದೆ.

ಶುರುವಾದದ್ದು ಮುಂಬಯಿಯಲ್ಲಿರುವ ತಂಗಿಯ ಮಗಳಿಂದ. ಬೇಸಿಗೆಯಲ್ಲಿ ಬಂದವಳು, “ಮಾವ, ದಿನಾ ಬಸ್ಸಲ್ಲಿ ಸುಮ್ಮನೆ ಕೂತಿರ್ತೀರಲ್ಲ” ಎಂದು ಕನಿಕರಪಟ್ಟು ಮೊಬೈಲಿಗೆ ಪುಸ್ತಕದ ಆ್ಯಪೊಂದನ್ನು ಹಾಕಿಕೊಟ್ಟಳು. ಗ್ರಹಗಳ ಬಗ್ಗೆ ಒಂದು ಒಳ್ಳೆಯ ಪುಸ್ತಕ ಓದೋಣವೆಂದು ತೆರೆದೆ. ಪಕ್ಕದಲ್ಲೇ ಪುಕ್ಕಟೆಯದೊಂದು ಪುಸ್ತಕ ಕಂಡಿತು. ಪುಕ್ಕಟೆ ಎಂದರೆ ಮಾಷ್ಟ್ರುಗಳ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಕುಂದಾಪುರದಲ್ಲಿ ಬಸ್ಸು ಹತ್ತಿದಾಗ ತೆರೆದದ್ದು, ಬ್ರಹ್ಮಾವರದಲ್ಲಿ ಕಂಡಕ್ಟರು “ಮಾಷ್ಟ್ರೇ, ಇವತ್ತ್ ಇಳೂದಿಲ್ಯಾ?” ಎಂದು ಕೂಗಿದರೂ ಕೇಳಿಸದೆ ಸಂತೆಕಟ್ಟೆಯವರೆಗೂ ಹೋಗಿಬಿಟ್ಟೆ. ಬಸ್ಸು ಕೆಟ್ಟಿತ್ತು ಎಂದು ಹೆಡ್‌ಮಾಷ್ಟ್ರಿಗೆ ಹೇಳಿದೆ. ಪಾಪ, ಆ ಬಸ್ಸು ಚೆನ್ನಾಗಿಯೇ ಇತ್ತು. ಕೆಟ್ಟವನು ನಾನು.

ಈ ಕಥೆಗಳಲ್ಲಿ ಬರುವ ಗಂಡಿಗೆ ಮುನ್ನೂರು ವರ್ಷ ವಯಸ್ಸು, ನೋಡಲು ಮಾತ್ರ ಇಪ್ಪತ್ತೆಂಟರ ಹಾಗಿರುತ್ತಾನೆ. ನನ್ನದು ಇದಕ್ಕೆ ತದ್ವಿರುದ್ಧ. ಅವನಿಗೆ ದೊಡ್ಡ ಬಂಗಲೆ ಇದೆ, ಉದ್ಯೋಗವಿಲ್ಲ, ಅಂಗಿ ಹಾಕುವ ಅಭ್ಯಾಸವಂತೂ ಇಲ್ಲವೇ ಇಲ್ಲ. ಹುಡುಗಿ ಯಾವಾಗಲೂ ಕೇಕು ಬೇಯಿಸುತ್ತಿರುತ್ತಾಳೆ. ನಮ್ಮೂರಿನ ಪ್ರೇತಗಳ ಬಗ್ಗೆ ನಾನು ಚಿಕ್ಕಂದಿನಿಂದ ಎಷ್ಟೋ ಕೇಳಿದ್ದೇನೆ. ಒಂದಕ್ಕಾದರೂ ಪ್ರೇಮದ ಗಂಧ ಗಾಳಿ ಇಲ್ಲ. ಹಾಲೆಮರದ ಕೆಳಗೆ ನಿಂತು ಎಲೆಗೆ ಹಚ್ಚಲು ಸುಣ್ಣ ಕೇಳುತ್ತವೆ, ಕೊಡದಿದ್ದರೆ ಜ್ವರ ಬರಿಸುತ್ತವೆ, ಕೊನೆಗೊಂದು ಕೋಳಿ ತಿಂದು ಹೋಗುತ್ತವೆ. ಬ್ರಹ್ಮಾವರ ದಾಟಿ ತೆಂಕಿಗೆ ಹೋದರೆ ಸತ್ತವರಿಗೂ ಮದುವೆ ಮಾಡಿಸುತ್ತಾರೆ, ನಿಜ. ಆದರೆ ಅಲ್ಲಿಯೂ ಜಾತಿ, ಗೋತ್ರದಂಥ ಬಳಿ ಎಲ್ಲ ನೋಡಿ ಹಿರಿಯರೇ ಕೂಡಿಸಬೇಕು. ಸತ್ತ ಮೇಲೂ ನಮ್ಮವರಿಗೆ ಲವ್ ಮ್ಯಾರೇಜ್ ಇಲ್ಲ.

ಎಲ್ಲ ಕಥೆಗಳಲ್ಲೂ ತಪ್ಪದೆ ಬರುವುದೆಂದರೆ ಕುಂಬಳಕಾಯಿ. ತಿರುಳು ತೆಗೆದು, ಕಣ್ಣು ಹಲ್ಲು ಕೊರೆದು, ಒಳಗೆ ದೀಪವಿಟ್ಟು ಮನೆಯ ಮೆಟ್ಟಿಲಿನ ಮೇಲೆ ಇಡುತ್ತಾರೆ. ಆ ಬೆಳಕಿನಲ್ಲಿಯೇ ಅವನು ಅವಳಿಗೆ, “ನಿನಗಾಗಿ ಮುನ್ನೂರು ವರ್ಷ ಕಾದೆ” ಎನ್ನುವುದು. ಓದಿ ಓದಿ ನನಗೆ ಆ ಬೆಳಕನ್ನೊಮ್ಮೆ ಕಣ್ಣಾರೆ ನೋಡಬೇಕೆಂಬ ಹುಚ್ಚು ಹಿಡಿಯಿತು. ಗ್ರಹಚಾರಕ್ಕೆ ಅದೇ ವಾರ ನನ್ನ ಹೆಂಡತಿ ಜಲಜ ಸಂತೆಯಿಂದ ಒಂದು ಉರುಟು ಸಿಹಿಗುಂಬಳ ತಂದಿದ್ದಳು. ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಕತ್ತಿ ಹಾಕುವುದಿಲ್ಲ. ಗಂಡಸು ಒಡೆದುಕೊಟ್ಟ ಮೇಲೆಯೇ ಅವರು ಹೋಳು ಮಾಡುವುದು. ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆಂದು ಬೈಂದೂರಿನ ತವರಿಗೆ ಹೊರಟವಳು ಬಾಗಿಲಲ್ಲಿ ನಿಂತು, “ಹ್ವಾಯ್, ನಾ ನಾಳೆ ಬಪ್ಪುದ್ರೊಳ್ಗೆ ಆ ಕುಂಬ್ಳಕಾಯಿ ಒಂದ್ ಕೊಯ್ದ್ ಇಡಿ. ಅಷ್ಟಾರೂ ಮಾಡಿ” ಎಂದಳು. ದಿನ ಯಾವುದು? ಅಕ್ಟೋಬರ್ ಮೂವತ್ತೊಂದು.

ಶಾಲೆಯಿಂದ ಬಂದವನೇ ಕೂತು ಕೊಯ್ದೆ. ಕಣ್ಣು ಸುಲಭವಾಗಿ ಬಂತು. ಹಲ್ಲು ಕೊರೆಯುವಾಗ ಹೆಬ್ಬೆರಳೂ ಸ್ವಲ್ಪ ಕೊಯ್ದುಹೋಯಿತು, ನಾಲ್ಕು ಹನಿ ರಕ್ತ ಅದರ ಬಾಯಿಯ ಹತ್ತಿರ ಬಿತ್ತು. ಒಳಗೆ ಲಿಂಬೆ ಉಜ್ಜಿದರೆ ಕಪ್ಪಾಗುವುದಿಲ್ಲ ಎಂದು ಯಾವುದೋ ಕಥೆಯ ಹುಡುಗಿ ಹೇಳಿದ್ದಳು. ಉಜ್ಜಿ, ಹಿಂಡಿದ ಹೋಳುಗಳನ್ನು ಅದರೊಳಗೇ ಬಿಟ್ಟೆ. ಮೇಣದ ಬತ್ತಿ ಸಿಗಲಿಲ್ಲ, ದೇವರ ಕೋಣೆಯಿಂದ ಹತ್ತಿಯ ಬತ್ತಿಯನ್ನೂ ಎಣ್ಣೆಯನ್ನೂ ತಂದು ಹಚ್ಚಿದೆ. ಮುಸ್ಸಂಜೆಗೆ ಮೆಟ್ಟಿಲ ಮೇಲಿಟ್ಟು, ಕುರ್ಚಿ ಹಾಕಿಕೊಂಡು, ಮೊಬೈಲು ಹಿಡಿದು ಕೂತೆ. ಕಥೆಯಲ್ಲಾದರೆ ಈಗ ಮಂಜು ಕವಿಯಬೇಕು. ಕುಂದಾಪುರದ ಪಕ್ಕದ ನಮ್ಮ ಕೋಡಿಯ ಸಮುದ್ರದಂಡೆಯಲ್ಲಿ ಬೆವರು ಇಳಿಯಿತು, ಸೊಳ್ಳೆ ಕವಿಯಿತು. ಆದರೂ ಆ ಕುಂಬಳಕಾಯಿ ಕೆಂಪಗೆ ನಗುತ್ತಿದ್ದದ್ದನ್ನು ಕಂಡು ನನಗೆ ಆದ ಖುಷಿ ಸಣ್ಣದಲ್ಲ. ಒಬ್ಬನೇ ಕೂತು ನಾನೂ ನಕ್ಕೆ.

ಆಗಲೇ ಗೇಟಿನ ಬಳಿ “ಮಾಷ್ಟ್ರೇ” ಎಂಬ ದನಿ. ಪಕ್ಕದ ಮನೆಯ ಗಿರಿಜಕ್ಕ. ಮೀನು ಮಾರುವವರು. ದಿನಾ ಬುಟ್ಟಿ ಹೊತ್ತು ಊರಿಗೆ ಹೋಗುವ ಮೊದಲು ಒಳ್ಳೆಯ ನಾಲ್ಕು ಬಂಗುಡೆ ಜಲಜಳ ಕೈಗೆ ಹಾಕಿಯೇ ಮುಂದೆ ಹೋಗುವವರು. ನಾನು ಗಾಬರಿಯಿಂದ ದೀಪ ಊದಿ, ಕುಂಬಳಕಾಯಿಯನ್ನು ಎತ್ತಿಕೊಂಡು ಹೋಗಿ ಜಲಜಳ ಅಬ್ಬಲಿಗೆ ಹೂವಿನ ಗಿಡಗಳ ಮರೆಗೆ ತುರುಕಿ ಬಂದೆ. ಹೆಂಡತಿ ಊರಲ್ಲಿಲ್ಲವೆಂದು ಗಿರಿಜಕ್ಕ ನನಗೆ ಮೀನಿನ ಸಾರು ತಂದಿದ್ದರು. “ಎಣ್ಣಿ ಬತ್ತಿ ವಾಸ್ನಿ ಬತ್ತಾ ಇತ್ತಲೆ?” ಎಂದರು. “ದೀಪ ಹಚ್ಚಿದ್ದೆ” ಎಂದೆ. ದೇವರಿಗೆ ಕೈಮುಗಿಯದ ಮಾಷ್ಟ್ರು ದೀಪ ಹಚ್ಚಿದರೆಂದು ಗಿರಿಜಕ್ಕನಿಗೆ ಕಣ್ಣು ತುಂಬಿ ಬಂತು.

ಅವರು ಆಚೆ ಹೋದದ್ದೇ ಜಲಜಳ ಫೋನು. “ಕುಂಬ್ಳಕಾಯಿ ಕೊಯ್ದ್ರಿಯಾ?” ಇಂಥ ಹೊತ್ತಿನಲ್ಲಿ ಬುದ್ಧಿವಂತರಿಗೆ ಬುದ್ಧಿವಂತ ಸುಳ್ಳು ಹೊಳೆಯುತ್ತದೆ. ನನಗೆ ಹೊಳೆದದ್ದು, “ಅದಾ, ಗಿರಿಜಕ್ಕ ಕೇಂಡ್ರ್, ಕೊಟ್ಟೆ” ಎಂಬುದು. “ಇಡೀದಾ?” ಎಂದಳು. “ಇಡೀದ್” ಎಂದೆ. “ಭಾರೀ ಧರ್ಮರಾಯ” ಎಂದು ಫೋನಿಟ್ಟಳು. ಮರುದಿನ ಬೆಳಿಗ್ಗೆ ಆ ಕಾಯಿಯನ್ನು ದೂರ ಬಿಸಾಡಿಬಿಡಬೇಕೆಂದುಕೊಂಡಿದ್ದೆ. ಶಾಲೆಯಲ್ಲಿ ರಾಜ್ಯೋತ್ಸವದ ಧ್ವಜಾರೋಹಣ, ಬಸ್ಸಿಗೆ ಹೊತ್ತಾಯಿತು, ಮರೆತೆ.

ಕಾರ್ಯಕ್ರಮವೆಲ್ಲ ಮುಗಿಸಿ ಸಂಜೆ ಬಂದು ಗೇಟು ತೆಗೆಯುವಷ್ಟರಲ್ಲಿ ಜಲಜ ಕೂಗಿದಳು: “ಆ ಬದಿ ಹೋಪುದ್ ಬ್ಯಾಡ! ದಾಟ್ಬೇಡಿ!” ಅಬ್ಬಲಿಗೆಯ ಸಾಲಿಗೆ ಅಡ್ಡವಾಗಿ ಗುಡಿಸುವ ಹಿಡಿಸೂಡಿ ಇಟ್ಟಿದ್ದಳು. ಮುಖ ಬೆಳ್ಳಗಾಗಿತ್ತು. “ಮಾಟ ಮಾಡಿದ್ರ್ ಕಾಣಿ. ಕಣ್ಣ್ ಕೆತ್ತಿದ್ರ್, ಹಲ್ಲ್ ಕೆತ್ತಿದ್ರ್, ಬಾಯಿಗ್ ರಕ್ತ ಬಳ್ದಿದ್ರ್. ಒಳ್ಗ್ ಲಿಂಬಿಹಣ್ಣ್, ಬತ್ತಿ. ಇನ್ನೆಂತ ಬೇಕ್?” ನಾನು ದೂರದಿಂದ ಇಣುಕಿದೆ. ಸತ್ಯ ಹೇಳಬೇಕೆಂದರೆ, ಒಂದು ರಾತ್ರಿಯ ಇಬ್ಬನಿಗೆ ಬಾಡಿ, ಬಾಯಿ ಸೊಟ್ಟಗಾಗಿ, ಇರುವೆ ಮುತ್ತಿದ ಅದನ್ನು ಕಂಡು ಒಂದು ಕ್ಷಣ ನನಗೇ ಎದೆ ಝಲ್ ಎಂದಿತು. ಯಾವ ಮಂತ್ರವಾದಿಯೂ ಇಷ್ಟು ಸಾಂಗವಾಗಿ ಮಾಡಲಾರ.

“ಯಾರ್ ಮಾಡ್ದದ್ದ್?” ಎಂದೆ, ಏನಾದರೂ ಕೇಳಬೇಕಲ್ಲ ಎಂದು.

“ಇನ್ಯಾರ್? ನಮ್ಮನಿ ಕುಂಬ್ಳಕಾಯೇ. ನೀವೇ ಅಲ್ದಾ ಗಿರಿಜಕ್ಕಂಗೆ ಕೊಟ್ಟದ್ದ್? ಅವ್ರ್ ಕೋಳಿ ನನ್ ಅಬ್ಬಲಿಗಿ ಬುಡ ಕೆದ್ರತ್ತ್ ಅಂದ್ ನಾ ಹೋದ್ವಾರ ಬೈದಿದ್ದೆ. ಅದೇ ಗಿಡದ್ ಬುಡಕ್ಕೇ ಇಟ್ಟಿದ್ರ್!”

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ನನ್ನ ಸುಳ್ಳು ಕಾಲು ಪಡೆದು, ಗೋಡೆ ಹಾರಿ, ಪಕ್ಕದ ಮನೆಯೊಳಗೇ ಹೋಗಿ ಕೂತಿತ್ತು. ಬೆಳಿಗ್ಗೆ ಬೈಂದೂರಿನಿಂದ ಬಂದು ಇದನ್ನು ಕಂಡ ಜಲಜ, ಮೀನು ಮಾರಿ ಹಿಂದಿರುಗುತ್ತಿದ್ದ ಗಿರಿಜಕ್ಕ ಮಾತಾಡಿಸಿದರೂ ಮುಖ ತಿರುಗಿಸಿ ಒಳಗೆ ಹೋಗಿದ್ದಳಂತೆ. ಯಾರು ಮಾಡಿದ್ದೆಂದು ಕೇಳಲು ನೂಲು ಮಂತ್ರಿಸಿಕೊಡುವ ಭಟ್ಟರ ಹತ್ತಿರ ಹೋಗುವುದೂ ನಿಶ್ಚಯವಾಗಿತ್ತು. ಅಷ್ಟರಲ್ಲಿ ಗೋಡೆಯ ಆಚೆಯಿಂದ ಗಿರಿಜಕ್ಕನ ತಲೆ ಕಾಣಿಸಿತು. ಅತ್ತು ಮುಖ ಊದಿತ್ತು. “ಮಾಷ್ಟ್ರೇ, ಜಲಜ ನನ್ ಹತ್ರ ಮಾತಾಡುದಿಲ್ಲೆ. ಇಷ್ಟ್ ವರ್ಷ ಒಂದೇ ಮನಿಯಂಗೆ ಇದ್ದಿತ್. ನಾ ಎಂತ ತಪ್ಪ್ ಮಾಡ್ದೆ ಅಂದಾರೂ ಹೇಳುಕೆ ಹೇಳಿ” ಎಂದರು. ಅವರು ಕೊಟ್ಟ ಸಾರಿನ ಪಾತ್ರೆ ಇನ್ನೂ ನಮ್ಮ ಅಡುಗೆಮನೆಯಲ್ಲಿತ್ತು. ಅದನ್ನು ನಾನು ಬೆರಳಲ್ಲಿ ಬಳಿದು ಉಂಡಿದ್ದೆ.

ಇನ್ನು ಸುಮ್ಮನಿದ್ದರೆ ನಾನು ಮನುಷ್ಯನಲ್ಲ ಎನಿಸಿತು. ಇಬ್ಬರನ್ನೂ ಗೋಡೆಯ ಎರಡು ಬದಿಗೆ ನಿಲ್ಲಿಸಿಕೊಂಡು ಎಲ್ಲ ಹೇಳಿದೆ. ಬಸ್ಸು, ಆ್ಯಪು, ಬೇಕರಿಯ ಹುಡುಗಿ, ಕುಂಬಳಕಾಯಿ, ಹೆಬ್ಬೆರಳಿನ ರಕ್ತ, ಫೋನಿನ ಸುಳ್ಳು, ಒಂದನ್ನೂ ಬಿಡಲಿಲ್ಲ. ಮಾನ ಹೋದರೆ ಹೋಗಲಿ ಎಂದುಕೊಂಡಿದ್ದೆ. ಅದು ಹೋಗಲಿಲ್ಲ. ಯಾಕೆಂದರೆ ಯಾರೂ ನಂಬಲಿಲ್ಲ.

“ಮಾಷ್ಟ್ರ್ ದೇವರಂಥವ್ರ್” ಎಂದರು ಗಿರಿಜಕ್ಕ, ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಾ. “ನನ್ನ ಉಳ್ಸುಕೆ ಎಲ್ಲ ಮೈಮೇಲ್ ಹಾಯ್ಕಂತಿದ್ರ್ ಕಾಣ್.”

ಜಲಜ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ನಿಮ್ಮನ್ ಕಟ್ಕಂಡ್ ಇಪ್ಪತ್ತಾರ್ ವರ್ಷ ಆಯ್ತ್. ಒಂದ್ ದಿನ ‘ಈ ಸೀರಿ ನಿಂಗೆ ಚಂದ ಕಾಣತ್ತ್’ ಅಂದದ್ದ್ ಇಲ್ಲೆ. ನೀವ್ ಪ್ರೀತಿ ಕಥಿ ಓದುದಾ?”

ನಾನು ಮೊಬೈಲು ತೆಗೆದು ಪುಸ್ತಕದ ಮುಖಪುಟ ತೋರಿಸಿದೆ. ಕೋರೆಹಲ್ಲಿನ, ಬರಿಮೈಯ ಗಂಡೊಬ್ಬ ಚೂಪು ಟೊಪ್ಪಿಯ ಹುಡುಗಿಯನ್ನು ತಬ್ಬಿಕೊಂಡು ನಿಂತಿದ್ದ. ಅವನ ಕಾಲ ಬಳಿ ಸಾಕ್ಷಾತ್ ನಮ್ಮದೇ ಕುಂಬಳಕಾಯಿ. ಜಲಜ ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು ನೋಡಿದಳು. ಗಿರಿಜಕ್ಕ ಗೋಡೆಯ ಮೇಲಿಂದ ಬಗ್ಗಿ ನೋಡಿದರು.

“ಇವಂಗೆ ಮೈಮೇಲ್ ಅಂಗಿ ಇಲ್ಯಲೇ, ಚಳಿಗೆ ಸತ್ತ್ ಹೋಪುದಿಲ್ಯಾ?” ಎಂದು ಕೇಳಿದರು ಗಿರಿಜಕ್ಕ.

“ಅವ ಸತ್ತ್ ಮುನ್ನೂರ್ ವರ್ಷ ಆಯ್ತ್” ಎಂದೆ ನಾನು. ವಿಷಯ ಸ್ಪಷ್ಟವಾಗಿರಲಿ ಎಂಬ ಮಾಷ್ಟ್ರ ಬುದ್ಧಿ.

ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಕಂಡ್ಯಾ ಜಲಜ?” ಎಂದರು ಗಿರಿಜಕ್ಕ. “ಕಂಡೆ ಗಿರಿಜಕ್ಕ” ಎಂದಳು ಜಲಜ. ಬೆಳಿಗ್ಗೆಯಿಂದ ಮಾತು ಬಿಟ್ಟವರು ಮೊದಲು ಆಡಿದ ಮಾತು ಇದು. ಆಮೇಲೆ ಇಬ್ಬರೂ ಸೇರಿ ತೀರ್ಮಾನಿಸಿದರು: ಮಾಟ ಯಾರೂ ಮಾಡಿದ್ದಲ್ಲ, ಮಾಷ್ಟ್ರಿಗೇ ಎಂಥದ್ದೋ ಸೋಂಕಿದೆ. ಅದೇ ಅವರ ಕೈಯಲ್ಲಿ ಕುಂಬಳಕಾಯಿ ಕೊರೆಸಿದೆ. ಗಿರಿಜಕ್ಕ ಗೋಡೆ ಸುತ್ತಿ ನಮ್ಮ ಮನೆಗೆ ಬಂದು ಜಲಜಳ ಕೈ ಹಿಡಿದುಕೊಂಡರು. ಜಲಜ ಅತ್ತಳು, ಚಹಾ ಮಾಡಿದಳು. ಇಬ್ಬರೂ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮರುಕದಿಂದ ನೋಡುತ್ತಾ ಕುಡಿದರು. ಸ್ನೇಹ ಉಳಿಯಿತಲ್ಲ ಎಂದು ನಾನೂ ಬಾಯಿ ಮುಚ್ಚಿಕೊಂಡೆ.

ಮಾರನೆಯ ದಿನ ನನ್ನನ್ನು ನಡುವೆ ಕೂರಿಸಿಕೊಂಡು ರಿಕ್ಷಾದಲ್ಲಿ ಭಟ್ಟರ ಮನೆಗೆ ಕರೆದೊಯ್ದರು. ಭಟ್ಟರು ಹೊರಗೆ ಬಂದರು. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ. ಕರ್ಪೂರ ನಾಲಿಗೆಯ ಮೇಲಿಟ್ಟಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು. ಜಲಜ ಹೇಳಿದ್ದನ್ನೆಲ್ಲ ಒಂದಿಷ್ಟೂ ನಗದೆ ಕೇಳಿದ. ನೂಲು ಮಂತ್ರಿಸಿದ. ಆಮೇಲೆ ತಲೆ ತಗ್ಗಿಸಿ ಬಹಳ ವಿನಯದಿಂದ, “ಸರ್, ಕೈ ಕೊಡಿ” ಎಂದ. ಕೊಟ್ಟೆ. ಅಂದಿನಿಂದ ನಾನು ತುಂಬುತೋಳಿನ ಅಂಗಿಯನ್ನೇ ಹಾಕುತ್ತಿದ್ದೇನೆ. ದೆವ್ವ ಇಲ್ಲವೆಂದು ಭಾಷಣ ಮಾಡುವಾಗ ಕೈ ಮೇಲೆತ್ತುವುದಿಲ್ಲ.

ಆದರೆ ಜಲಜಳ ಆ ಮಾತು ಮಾತ್ರ ನನ್ನೊಳಗೆ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಬರಿಮೈಯ ಆ ಹೆಣವೇ ಅಷ್ಟು ಮಾತಾಡುವಾಗ, ಉಸಿರಾಡುವ ನನಗೆ ಏನು ಧಾಡಿ? ಮೊನ್ನೆ ಭಾನುವಾರ ಅವಳು ಹಿತ್ತಿಲಲ್ಲಿ ಕೂತು ಗಿರಿಜಕ್ಕ ಕೊಟ್ಟ ಬಂಗುಡೆ ಕೊಯ್ಯುತ್ತಿದ್ದಳು. ಹಳೆಯ ನೀಲಿ ಸೀರೆ. ಎರಡು ಸಲ ಹತ್ತಿರ ಹೋಗಿ ವಾಪಸು ಬಂದೆ. ಮೂರನೆಯ ಸಲ ಗಂಟಲು ಸರಿಮಾಡಿಕೊಂಡು, “ಜಲಜಾ, ಈ ಸೀರಿ ನಿಂಗೆ ಚಂದ ಕಾಣತ್ತ್” ಎಂದುಬಿಟ್ಟೆ.

ಅವಳು ಕತ್ತಿ ಕೆಳಗಿಟ್ಟಳು. ಎದ್ದು ಬಂದು ಅಂಗೈಯ ಹಿಂಬದಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಕೂಗಿದಳು: “ಗಿರಿಜಕ್ಕಾ, ಆ ನೂಲ್ ಸಾಕಾಪುದಿಲ್ಲೆ! ಇನ್ನೊಂದ್ ಕಟ್ಸ್ಕ್!”

ಈಗ ನನ್ನ ಕೈಯಲ್ಲಿ ಎರಡು ನೂಲುಗಳಿವೆ. ಎರಡನೆಯದನ್ನು ಕಟ್ಟಿಸಲು ಭಟ್ಟರ ಮನೆಗೆ ಹೋಗುವಾಗ ಜಲಜ ಉಟ್ಟುಕೊಂಡದ್ದು ಅದೇ ನೀಲಿ ಸೀರೆ, ಒಗೆದು ಇಸ್ತ್ರಿ ಹಾಕಿ. ನೂಲಿನ ವಿರುದ್ಧ ನಾನಿನ್ನು ಮಾತಾಡುವುದಿಲ್ಲ.