ಕೆಂಪು ದಾರದ ಬಿಲ್ಲೆ

ಬಟ್ಟೆ ವ್ಯಾಪಾರಿ ನಮೂನೆಗೆಂದು ತುಂಡು ಬಟ್ಟೆ ಒಯ್ಯುತ್ತಾನೆ, ಕಾಯಿ ವ್ಯಾಪಾರಿ ಒಂದೆರಡು ತೆಂಗಿನಕಾಯಿ. ನಮೂನೆಗೆಂದು ಹೆತ್ತ ಮಗಳನ್ನೇ ಸೈಕಲ್ಲಿನ ಮೇಲೆ ಊರೂರಿಗೆ ಒಯ್ದವನು ಇಡೀ ಹಾಸನ ಜಿಲ್ಲೆಯಲ್ಲಿ ನಮ್ಮಪ್ಪನೊಬ್ಬನೇ!

ಅಪ್ಪ ಸಿಡುಬಿಗೆ ದಾಕು, ಅಂದರೆ ಲಸಿಕೆ, ಹಾಕುವ ಸರ್ಕಾರಿ ನೌಕರ. ಐವತ್ತರ ದಶಕದ ಕೊನೆಯ ಮಾತು. ನನಗಾಗ ಏಳು ವರ್ಷ. ತಾಯಿಯಿಲ್ಲದ ಮಗುವನ್ನು ನೋಡಿಕೊಳ್ಳುವವರಿಲ್ಲದೆ, ಪಾಪ, ಕೆಲಸಕ್ಕೂ ಕರೆದೊಯ್ಯುತ್ತಾನೆ ಎಂದು ನೆಂಟರೆಲ್ಲ ಮರುಗುತ್ತಿದ್ದರು. ಮರುಗಲಿ! ಕೆಲಸ ಮಾಡುತ್ತಿದ್ದವಳೇ ನಾನು ಎಂಬುದು ಅವರಿಗೇನು ಗೊತ್ತು?

ನಮ್ಮ ಸೈಕಲ್ಲಿನ ಗಂಟೆ ಕೇಳಿದೊಡನೆ ಊರಿನ ಬಾಗಿಲುಗಳೆಲ್ಲ ಮುಚ್ಚಿಕೊಳ್ಳುತ್ತಿದ್ದವು. ಅಪ್ಪ ನನ್ನನ್ನು ಯಾವುದಾದರೊಂದು ಜಗಲಿಯ ಮೇಲೆ ಕೂರಿಸಿ, "ನೋಡ್ರವ್ವ, ಮೊದ್ಲು ನನ್ ಮಗ್ಳಿಗೇ ಆಕ್ತೀನಿ" ಎಂದು ಕೂಗುತ್ತಿದ್ದ. ತೋಳಿಗೆ ದಾಕಿನ ಒಂದು ಹನಿ. ಅದರ ಮೇಲೆ, ಸಣ್ಣ ಮುಳ್ಳುಗಳಿರುವ ಬಿಲ್ಲೆಯನ್ನು ಒತ್ತಿ ಗರ್ರನೆ ಒಂದು ಸುತ್ತು. ನಾನು ನಗಬೇಕು. ನಕ್ಕರೆ ಊರು ಸಾಲಾಗಿ ನಿಲ್ಲುತ್ತಿತ್ತು. ಅತ್ತರೆ ಹಿತ್ತಿಲ ಕಡೆಯಿಂದ ಓಡುತ್ತಿತ್ತು. ಓಡಿದವರ ಮನೆಗೆ ಸಿಡುಬು ಬಂದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅಮ್ಮ ಹೋದದ್ದು ಅದರಲ್ಲೇ. ಅಪ್ಪ ಈ ಕೆಲಸಕ್ಕೆ ಸೇರಿದ್ದು ಆಮೇಲೆ.

ಶಾಂತಿಗ್ರಾಮದ ಅಜ್ಜಿಯೊಬ್ಬಳು ನನ್ನ ಗಲ್ಲ ಹಿಡಿದು, "ದಿಟ ಏಳು ಮಗ, ನೋಯಕಿಲ್ವಾ?" ಎಂದಳು.

"ಇಲ್ಲಜ್ಜಿ, ಇರುವೆ ಓಡಾಡ್ದಂಗೆ" ಎಂದೆ.

ಅಜ್ಜಿ ತೋಳು ಕೊಟ್ಟಳು. ಮರುಕ್ಷಣವೇ, "ಅಯ್ಯಯ್ಯಪ್ಪೋ! ಇರುವೆ ಅಂತೆ ಇರುವೆ! ಯಾವೂರ್ ಇರುವೆನೇ ಇದು, ಸುಳ್ಳಿ?"

ನನಗೋ ಅಚ್ಚರಿ. ಇಷ್ಟು ದೊಡ್ಡವರಿಗೆ ಇಷ್ಟು ಸಣ್ಣ ಧೈರ್ಯವೇ!

ದುದ್ದದಲ್ಲಿ ಒಬ್ಬಾತ ನನ್ನ ಗುರುತು ಹಿಡಿದ. "ಅಲ್ಲ ಸಾ, ಈ ಮಗೀಗೆ ಓದ್ವಾರ ಶಾಂತಿಗ್ರಾಮದಲ್ಲಿ ಆಕಿದ್ರಲ್ಲ?"

"ಅದು ಎಡಗೈ" ಎಂದ ಅಪ್ಪ, ನನ್ನ ಬಲಗೈ ಎತ್ತಿ ಹಿಡಿದು.

"ಅಂಗಾರೆ ಬರೋ ವಾರ ಕಾಲ್ಗಾ ಸಾ?"

ಅಪ್ಪ ಆ ದಿನ ಅವನಿಗೇ ಮೊದಲು ಹಾಕಿದ. ಕೊಂಚ ಒತ್ತಿಯೇ ಹಾಕಿದ ಎಂದು ನನ್ನ ನೆನಪು.

ಒಂದು ಸಂಜೆ ಅಪ್ಪ ಮುಖ ತೊಳೆಯಲು ಹೋದಾಗ ಅವನ ತಗಡಿನ ಪೆಟ್ಟಿಗೆ ತೆರೆದೆ. ಬಿಲ್ಲೆಗಳು ಎರಡು. ಒಂದರ ಹಿಡಿಗೆ ಕೆಂಪು ದಾರ ಸುತ್ತಿತ್ತು; ನನಗೆ ಬಳಸುತ್ತಿದ್ದುದು ಅದೇ. ಎರಡನ್ನೂ ಬೆರಳಿಗೆ ತಾಗಿಸಿದೆ. ಒಂದು ಚುಚ್ಚಿತು. ಕೆಂಪು ದಾರದ್ದು ಅಂಗಿಯ ಗುಂಡಿಯಷ್ಟು ನುಣುಪು! ಮುಳ್ಳುಗಳನ್ನೆಲ್ಲ ಕಲ್ಲಿಗೆ ಉಜ್ಜಿ ಸವೆಸಿಬಿಟ್ಟಿದ್ದ ಮಹಾನುಭಾವ. ಹತ್ತಾರು ಊರುಗಳಲ್ಲಿ ಮೆರೆದ ನನ್ನ ಧೈರ್ಯ ಸಂತೆಯ ಬಲೂನಿನಂತೆ ಉಸ್ಸೆಂದಿತು. ಆ ಅಜ್ಜಿ ಸರಿಯಾಗಿಯೇ ಬೈದಿದ್ದಳು.

ಮಾರನೆಯ ದಿನ ಚನ್ನರಾಯಪಟ್ಟಣದ ಆಚೆಯ ಒಂದು ಹಳ್ಳಿ. ಪಕ್ಕದೂರಿನಲ್ಲಿ ಸಿಡುಬು ಕಾಣಿಸಿಕೊಂಡಿತ್ತು. ಆದರೂ ಇಲ್ಲಿ ಒಬ್ಬರೂ ತೋಳು ಕೊಡಲೊಲ್ಲರು. ಅಪ್ಪ ಕೆಂಪು ದಾರದ್ದನ್ನು ತೆಗೆದ. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: "ಅದು ಬ್ಯಾಡ ಕಣಪ್ಪ. ಇವ್ರಿಗೆ ಆಕೋದ್ರಲ್ಲೇ ನಂಗೂ ಆಕು."

ಸೊಂಟದಲ್ಲಿ ಕೂಸು ಹೊತ್ತಿದ್ದ ಹೆಂಗಸೊಬ್ಬಳು, "ಇಷ್ಟ್ ದಿನ ಊರಿಗೊಂದು, ಮಗಳಿಗೊಂದಾ ಸಾ?" ಎಂದಳು.

ಅಪ್ಪ ಕೆಂಪು ದಾರದ್ದನ್ನು ಪೆಟ್ಟಿಗೆಗೆ ಹಾಕಿದ. ಇನ್ನೊಂದನ್ನು ತೆಗೆದ. ಸಾವಿರಾರು ತೋಳುಗಳಿಗೆ ಹಾಕಿದ ಆ ಕೈ ನಡುಗುತ್ತಿತ್ತು. ನಾನು ನೋಡುತ್ತಲೇ ಇದ್ದೆ. ಒತ್ತಿ ತಿರುಗಿಸಿದ. ಬೆಂಕಿ ಇಟ್ಟಂತಾಯಿತು. ಹಲ್ಲು ಕಚ್ಚಿದೆ, ಅಳಲಿಲ್ಲ. ಅತ್ತದ್ದು ಅಪ್ಪ. ಊರಿನೆದುರು, ಸರ್ಕಾರಿ ಟೋಪಿ ಹಾಕಿಕೊಂಡು, ಮೂಗು ಸುರಿಸಿಕೊಂಡು!

ಮುಗಿಯಿತು, ಇನ್ನು ಊರೆಲ್ಲ ಓಡುತ್ತದೆ ಅಂದುಕೊಂಡೆ. ಆ ಹೆಂಗಸು ಮಾತ್ರ ಮುಂದೆ ಬಂದು, ಕೂಸಿನ ಅಂಗಿಯ ತೋಳು ಮೇಲೇರಿಸಿದಳು. "ಮೊದ್ಲು ಇವ್ನಿಗೆ ಆಕಿ ಸಾ." ಆಮೇಲೆ ಹಿಂದಕ್ಕೆ ತಿರುಗಿ ಉಳಿದವರಿಗೆ ಹೇಳಿದಳು: "ಅತ್ಕಂಡು ಆಕೋರ ಕೈಲಿ ಆಕುಸ್ಕಬೋದು ಕಣ್ರವ್ವ."

ಅಪ್ಪ ಹಾಕಿದ ಕಲೆಗಳನ್ನು ಆಮೇಲೆ ಎಷ್ಟೋ ತೋಳುಗಳ ಮೇಲೆ ಕಂಡಿದ್ದೇನೆ. ಎಲ್ಲವೂ ಅಚ್ಚೊತ್ತಿದಂತೆ ದುಂಡಗಿವೆ. ನನ್ನದೊಂದು ಮಾತ್ರ ಸೊಟ್ಟಗಿದೆ.